ಮೂವತ್ತಾರನೇ ಮಡಿಯ ನೀಲಿ

ಬಚ್ಚಲುಮನೆಯ ಬಕೆಟ್ಟು ಬಿಳಿ. ಅದು ಕೆನೆ ಬಣ್ಣದ್ದು ಎಂದು ಕಾಂತಪ್ಪ ಎರಡು ಮೂರು ವರ್ಷದಿಂದ ನಂಬಿಕೊಂಡಿದ್ದ. ಹಲ್ಲುಜ್ಜುತ್ತ ನಿಂತವನು ಎಡಗಣ್ಣು ಮುಚ್ಚಿದ, ಬಕೆಟ್ಟು ಬೆಳ್ಳಗಿತ್ತು. ಬಲಗಣ್ಣು ಮುಚ್ಚಿದ, ಹಳೇ ಪೋಸ್ಟ್‌ಕಾರ್ಡಿನ ಹಾಗೆ ಹಳದಿಗಟ್ಟಿತು. ಬಲಗಣ್ಣಿನ ಪೊರೆ ತೆಗೆಸಿ ಇಪ್ಪತ್ತೆರಡು ದಿನವಾಗಿತ್ತು, ಎಡಗಣ್ಣಿನದು ಇನ್ನೂ ಬಾಕಿ ಇತ್ತು. ಹೀಗೆ ಒಂದೊಂದೇ ಕಣ್ಣು ಮುಚ್ಚಿ ನೋಡಬೇಡಿ, ಸುಮ್ಮನೆ ತಲೆನೋವು ಬರುತ್ತೆ ಅಂತ ಡಾಕ್ಟರು ಹೇಳಿದ್ದರು. ಆದರೆ ಮುರಿದ ಹಲ್ಲಿಗೆ ನಾಲಿಗೆ ಹೋಗುವಂತೆ ಕೈ ತಾನೇ ಕಣ್ಣಿನ ಮೇಲೆ ಹೋಗಿ ಕೂರುತ್ತಿತ್ತು. ಹಾಲಿನ ಪಾಕೀಟು, ಕ್ಯಾಲೆಂಡರು, ಎದುರು ಮನೆಯ ಗೇಟು, ತನ್ನದೇ ಅಂಗಿ, ಎಲ್ಲವನ್ನೂ ಅವನು ಎರಡೆರಡು ಸಲ ನೋಡಿ ಮುಗಿಸಿದ್ದ. ಒಂದು ಮಾತ್ರ ನೋಡಿರಲಿಲ್ಲ. ಅದು ಈಗ ನೋಡಲು ಸಿಗುವಂಥದ್ದೂ ಅಲ್ಲ, ಹೋದ ವರ್ಷವೇ ಕಿತ್ತು ಗುಂಡಿಗೆ ಹಾಕಿದ್ದಾಯಿತು. ಬಾಯಿ ಮುಕ್ಕಳಿಸಿ ಉಗಿದು, ಹೋಗಲಿ ಬಿಡು ಅಂದುಕೊಂಡ. ಹಾಗೆ ಅಂದುಕೊಳ್ಳುವುದು ಈ ಇಪ್ಪತ್ತೆರಡು ದಿನದಲ್ಲಿ ಎಷ್ಟನೆಯ ಸಲವೋ.

ಆಫೀಸಿಗೆ ಹೊರಟಿದ್ದ ಉಷಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಹಿಡಿದು ತೋರಿಸಿದಳು. "ರೀ, ಇದು ಯಾವ ಬಣ್ಣ ಹೇಳಿ ನೋಡೋಣ."

"ನೇರಳೆ."

"ಇನ್ನೊಂದು ಕಣ್ಣಲ್ಲಿ?"

ಅವನು ಬಲಗಣ್ಣು ಮುಚ್ಚಿದ. "ಕಾಫಿ ಪುಡಿ."

ಅವಳು ನಕ್ಕಳು. ವಿಮೆ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಕೌಂಟರಿನಲ್ಲಿ ಕೂತವಳ ನಗು ಅದು, ಎದುರಿಗಿರುವವರಿಗೆ ನೋವಾಗದಂತೆ ಅಳತೆ ಮಾಡಿ ನಗುವುದು. "ಈ ಸೀರೆ ಉಟ್ಟುಕೊಂಡಾಗ ನೀವು ಏನಂದಿದ್ರಿ ಜ್ಞಾಪಕ ಇದ್ಯಾ? ಯಾಕೆ ಈ ಮಣ್ಣು ಬಣ್ಣ ಉಡ್ತೀಯ, ವಯಸ್ಸಾದ ಹಾಗೆ ಕಾಣ್ತೀಯ ಅಂದ್ರಿ. ಎರಡು ವರ್ಷ ಮುಟ್ಟಿರಲಿಲ್ಲ ನಾನು ಇದನ್ನ." ಅಷ್ಟು ಹೇಳಿ ಟಿಫಿನ್ ಡಬ್ಬಿ ಮುಚ್ಚಿದಳು. ಅವನಿಗೆ ಜ್ಞಾಪಕವಿತ್ತು. ಅಂದು ಅವಳು ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದಿದ್ದಳು. ಗಂಡ ಬಣ್ಣ ನೋಡಿ ಸಂಬಳ ತೆಗೆದುಕೊಳ್ಳುವವನು, ಅವನು ಮಣ್ಣು ಅಂದರೆ ಮಣ್ಣೇ. ನಾದಿನಿ, ಪಕ್ಕದ ಮನೆಯವರು, ಟಿ. ನಗರದ ಅಂಗಡಿಯ ಹುಡುಗಿಯರು ಕೂಡ ಸೀರೆ ಆರಿಸುವಾಗ ಅವನ ಮುಖ ನೋಡುತ್ತಿದ್ದರು. ಸಾರ್ ಕಣ್ಣು ಅಂದರೆ ಕಣ್ಣು. ಈಗ ಅವಳು ಅದೇ ಸೀರೆ ಉಟ್ಟು ತನ್ನನ್ನು ಕ್ಷಮಿಸಿಬಿಟ್ಟ ಹಾಗೆ ಓಡಾಡುತ್ತಿರುವುದು ಅವನಿಗೆ ಸಹಿಸಲಾಗಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಚೀಲ ಮತ್ತು ಕೊಡೆ ಹಿಡಿದು ಹೊರಟ.

ಮದರಾಸಿನ ಮಾಂಬಲಂನಿಂದ ಚೆಂಗಲ್‌ಪಟ್ಟು ಕಡೆಗೆ ಹೋಗುವ ಲೋಕಲ್ಲಿನಲ್ಲಿ ಬೆಳಗಿನ ಹೊತ್ತು ಕೂರಲು ಜಾಗ ಸಿಗುತ್ತದೆ, ಊರೆಲ್ಲ ಎದುರು ದಿಕ್ಕಿನಿಂದ ಒಳಗೆ ನುಗ್ಗುತ್ತಿರುತ್ತದೆ. ಕಿಟಕಿಯ ಪಕ್ಕ ಕೂತ ಕಾಂತಪ್ಪನಿಗೆ ಬೆವರು ಆಗಲೇ ಕಾಲರಿನೊಳಗೆ ಇಳಿಯುತ್ತಿತ್ತು. ಇನ್ನೂ ಎಂಟು ಗಂಟೆ. ಕತ್ತಿರಿ ಬಿಸಿಲು ಎಂದು ಇಲ್ಲಿಯವರು ಕರೆಯುವ ಮೇ ತಿಂಗಳ ಈ ಮೂರು ವಾರಕ್ಕಾಗಿಯೇ ಅವನ ಇಡೀ ವರ್ಷದ ಕೆಲಸ ಕಾಯುತ್ತದೆ. ಹಾಲೆಂಡು, ಜಪಾನು, ಬೆಂಗಳೂರುಗಳಿಂದ ಹೊಸ ಹೊಸ ಹೂವಿನ ತಳಿಗಳು ಕಂಪನಿಯ ಪರೀಕ್ಷಾ ತೋಟಕ್ಕೆ ಬರುತ್ತವೆ. ಫೆಬ್ರವರಿಯಲ್ಲಿ ಒಂದೊಂದು ಮಡಿಗೆ ಹನ್ನೆರಡು ಗಿಡದ ಹಾಗೆ ನಾಟಿಯಾಗುತ್ತದೆ. ಮಡಿಯ ತಲೆಗೆ ಹೆಸರಿಲ್ಲ, ಬರೀ ನಂಬರು. ಹದಿನೈದು ದಿನಕ್ಕೊಮ್ಮೆ ನೋಡಿ ಒಂಬತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಎಲೆಗೆ ಬೇರೆ, ಹೂವಿನ ಸಂಖ್ಯೆಗೆ ಬೇರೆ, ಬಣ್ಣ ನಿಲ್ಲುವುದಕ್ಕೆ ಬೇರೆ. ಔಷಧಿ ಹೊಡೆಯುವಂತಿಲ್ಲ, ಬಾಡಿದ ಹೂ ಕೀಳುವಂತಿಲ್ಲ. ಊಟಿಯಲ್ಲಿ ಮದುಮಗಳ ಹಾಗೆ ನಿಂತಿದ್ದು ಇಲ್ಲಿಯ ಬಿಸಿಲಿಗೂ ಸೆಕೆಗೂ ಮೂರನೇ ವಾರ ಕರಗಿ ಕೊಳೆತು ಹೋಗುತ್ತದೆ. ಹಾಗೆ ಹೋಗದೆ ಉಳಿಯುವುದು ಯಾವುದು ಎಂದು ಹೇಳುವುದೊಂದೇ ಅವನ ಕೆಲಸ. ಮೂವತ್ತೊಂದು ವರ್ಷದಿಂದ ಹೇಳುತ್ತ ಬಂದಿದ್ದಾನೆ. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಸೀಮೆಎಣ್ಣೆ ಡಬ್ಬಿಯಲ್ಲಿ ಕಾಶಿಕಣಗಿಲೆ ಬೆಳೆಸುತ್ತಿದ್ದ ಅಪ್ಪ, ತಿಪಟೂರಿನಿಂದ ಗುಮಾಸ್ತನಾಗಿ ಬಂದವನು, ಮಗ ಹೂ ನೋಡಿ ಸಂಬಳ ತರುತ್ತಾನೆ ಎಂದು ಸಾಯುವ ತನಕ ನಂಬಲಿಲ್ಲ.

ಬಣ್ಣ ನೋಡುವುದಕ್ಕೆ ಒಂದು ಕ್ರಮವಿದೆ. ಬಿಸಿಲು ಕಣ್ಣಿಗೆ ಮೋಸ ಮಾಡುತ್ತದೆ, ಅದಕ್ಕೆ ಮಡಿಯ ಮೇಲೆ ಕಪ್ಪು ಕೊಡೆ ಹಿಡಿಯಬೇಕು. ಆ ನೆರಳಿನಲ್ಲಿ ಬಣ್ಣದ ಕಾರ್ಡಿನ ಕಟ್ಟು ಬಿಚ್ಚಿ, ಪಟ್ಟಿಯ ಮೇಲೆ ಪಟ್ಟಿ ಹೂವಿನ ಪಕ್ಕ ಇಟ್ಟು ಹೊಂದಿಸಿ, ನಂಬರು ಬರೆದುಕೊಳ್ಳಬೇಕು. ಕೊಡೆಯನ್ನು ಕಾಂತಪ್ಪ ಎಂದೂ ಬಿಟ್ಟವನಲ್ಲ. ಕಾರ್ಡನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅದು ಚೀಲದಲ್ಲಿರುತ್ತಿತ್ತು, ಇರಬೇಕೆಂದು ನಿಯಮ, ಆದರೆ ಅವನು ತೆರೆಯುತ್ತಿರಲಿಲ್ಲ. ಒಮ್ಮೆ ಹೊರದೇಶದಿಂದ ಬಂದ ದೊಡ್ಡ ಸಾಹೇಬರ ಎದುರು ಬರೀ ಕಣ್ಣಲ್ಲಿ ಹನ್ನೊಂದು ಹೂವಿನ ನಂಬರು ಹೇಳಿ, ಹನ್ನೊಂದೂ ಸರಿಯಾಗಿ, ಅಂದಿನಿಂದ ಅವನೇ ಕಾರ್ಡು ಎಂದಾಗಿತ್ತು. ಹೊಸದಾಗಿ ಸೇರಿದವರಿಗೆ ಅವನನ್ನು ಹಾಗೆಂದೇ ಪರಿಚಯ ಮಾಡಿಕೊಡುತ್ತಿದ್ದರು. ಐದು ವರ್ಷದ ಹಿಂದೆ ಚಿನ್ಮಯಿಗೂ ಹಾಗೆಯೇ. ಹಾಸನದ ಹುಡುಗಿ, ತಳಿ ತೆಗೆಯುವ ವಿಭಾಗಕ್ಕೆ ಬಂದವಳು, ಕನ್ನಡದವರು ಎಂದು ಗೊತ್ತಾದದ್ದೇ ಮುಖ ಅಗಲ ಮಾಡಿಕೊಂಡು, "ನಿಮ್ಮ ಹತ್ರ ಕಲೀಬೇಕು ಸಾರ್" ಅಂದಿದ್ದಳು. ಕಲಿತದ್ದು ಕೊಡೆ ಹಿಡಿಯುವುದನ್ನು. ಕಾರ್ಡನ್ನು ಅವಳು ಬಿಟ್ಟಿರಲಿಲ್ಲ.

ಗಾಡಿ ತಾಂಬರಂ ದಾಟಿತು. ಕಡಲೆಯ ಸುಂಡಲ್ ಮಾರುವವಳೊಬ್ಬಳು ಹತ್ತಿದಳು. ಚಿನ್ಮಯಿ ನಾಲ್ಕು ವರ್ಷ ಒಂದೇ ಹೂವಿನ ಹಿಂದೆ ಬಿದ್ದಿದ್ದಳು. ಟೊರೇನಿಯಾ. ಬೆರಳ ತುದಿಯಷ್ಟು ಚಿಕ್ಕ ಕಹಳೆಯಂಥ ಹೂ, ಗಂಟಲಲ್ಲಿ ಒಂದು ಹಳದಿ ಚುಕ್ಕೆ. ತಂಪು ಊರಿನಲ್ಲಿ ಚೆಂದ, ಮದರಾಸಿನಲ್ಲಿ ಏಪ್ರಿಲ್ ದಾಟುವುದಿಲ್ಲ. ಇಲ್ಲಿಯ ಬಾಲ್ಕನಿಗಳಲ್ಲಿ ಮೇ ತಿಂಗಳಲ್ಲೂ ನೀಲಿ ಹೂ ಬಿಡುವ ಟೊರೇನಿಯಾ ತೆಗೆಯುತ್ತೇನೆ ಎಂದು ಅವಳ ಹಟ. ಹೋದ ವರ್ಷ ಅದು ಮೂವತ್ತಾರನೇ ಮಡಿಯಲ್ಲಿತ್ತು. ಯಾರ ತಳಿ ಯಾವ ಮಡಿ ಎಂದು ಅಂಕ ಕೊಡುವವರಿಗೆ ಗೊತ್ತಿರಬಾರದು, ಆದರೆ ದಿನಾ ಸಂಜೆ ಆ ಮಡಿಯ ಹತ್ತಿರ ನಿಲ್ಲುವವಳು ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಎಲೆಗೆ ಎಂಟು ಬಂತು. ಹೂವಿನ ಸಂಖ್ಯೆಗೆ ಎಂಟು. ಬಣ್ಣ ನಿಲ್ಲುವುದಕ್ಕೆ ಮೂರು. ಜೂನ್ ತಿಂಗಳ ಮೀಟಿಂಗಿನಲ್ಲಿ ಹದಿನಾಲ್ಕು ಜನರ ಎದುರು ಅವಳು ಎದ್ದು ನಿಂತು, "ಸಾರ್, ಇನ್ನೊಂದ್ಸಲ ನೋಡ್ತೀರಾ, ಕಾರ್ಡ್ ಇಟ್ಕೊಂಡು," ಎಂದಳು. ತನ್ನ ಕಾರ್ಡಿನ ಕಟ್ಟನ್ನು ಮೇಜಿನ ಮೇಲೆ ಅವನ ಕಡೆಗೆ ತಳ್ಳಿದಳು. ಕಾಂತಪ್ಪ ಅದನ್ನು ಮುಟ್ಟಲಿಲ್ಲ. "ಕಾರ್ಡ್ ಯಾಕಮ್ಮ, ನನಗೆ ಕಣ್ಣಿದೆ. ಒಗೆದೂ ಒಗೆದೂ ಹೋದ ಸ್ಕೂಲ್ ಯೂನಿಫಾರ್ಮ್ ನೋಡಿದೀಯ? ಆ ಬಣ್ಣ ಇದು." ಎಲ್ಲರೂ ನಕ್ಕರು. ಅವಳೂ ನಗಲು ನೋಡಿದಳು. ಕಟ್ಟನ್ನು ಹಿಂದಕ್ಕೆ ಎಳೆದುಕೊಳ್ಳುವಾಗ ಒಂದೆರಡು ಪಟ್ಟಿ ಜಾರಿ ಕೆಳಗೆ ಬಿದ್ದು, ಅವಳು ಬಗ್ಗಿ ಆರಿಸಿಕೊಳ್ಳುವ ತನಕ ಸಭೆ ಕಾಯಿತು. ಬಣ್ಣ ನಿಲ್ಲದ ನೀಲಿ ಯಾರಿಗೆ ಬೇಕು ಎಂದು ಟೊರೇನಿಯಾ ಕೆಲಸವನ್ನೇ ಕಂಪನಿ ನಿಲ್ಲಿಸಿತು. ಅವಳನ್ನು ಟಿ. ನಗರದ ಮಾರಾಟದ ಅಂಗಡಿಗೆ ಹಾಕಿದರು. ಈಗ ಅವಳು ಅಪಾರ್ಟ್‌ಮೆಂಟಿನ ಹೆಂಗಸರಿಗೆ ಬೀಜದ ಪೊಟ್ಟಣವನ್ನೂ ಪ್ಲಾಸ್ಟಿಕ್ ಕುಂಡವನ್ನೂ ಮಾರುತ್ತಾಳೆ. ಅವನ ಆಪರೇಷನ್ ಆದ ದಿನ ಅವಳಿಂದಲೂ ಒಂದು ಮೆಸೇಜು ಬಂದಿತ್ತು, ಬೇಗ ಗುಣವಾಗಲಿ ಸಾರ್ ಎಂದು. ಉತ್ತರವಾಗಿ ಅವನು ಕೈಮುಗಿಯುವ ಚಿತ್ರ ಕಳಿಸಿದ್ದ.

ತೋಟದ ಗೇಟಿನಲ್ಲಿ ಅಭಿಲಾಷ್ ಕಾಯುತ್ತಿದ್ದ. ಮೂವತ್ತು ದಾಟಿದ, ಚುರುಕಾದ, ಅಂಕ ಕೊಡುವ ಎರಡನೆಯವನು. ಅಜ್ಜನ ಕಾಲದಿಂದ ರಾಯಪುರಂನಲ್ಲಿರುವ ಕನ್ನಡದ ಮನೆಯವನು, ಅರ್ಧ ವಾಕ್ಯ ಕನ್ನಡದಲ್ಲಿ ಶುರು ಮಾಡಿ ಇನ್ನರ್ಧವನ್ನು ತಮಿಳಿಗೆ ಬಿಡುತ್ತಿದ್ದ. "ವಾಂಗ ಸಾರ್. ಕಣ್ಣು ಪರವಾಯಿಲ್ಲಯಾ? ಇವತ್ತು ಸೀಕ್ರಂ ಮುಗ್ಸೋಣ. ಈ ವರ್ಷದ ಕಡೇ ಅಂಕ, ಆಮೇಲೆ ಒಂದು ಲಿಸ್ಟ್ ಇದೆ, ನಿಮ್ಮ ಸೈನ್ ಒಂದೇ ಬೇಕಾಗಿರೋದು."

"ಯಾವ ಲಿಸ್ಟು?"

"ಹಳೇದು ಸಾರ್. ಮೂರು ವರ್ಷದಲ್ಲಿ ರಿಜೆಕ್ಟ್ ಆಗಿದ್ದೆಲ್ಲ. ಕೋಲ್ಡ್ ರೂಮಲ್ಲಿ ಬೀಜ ಸುಮ್ನೆ ಕೂತಿದೆ, ಇವತ್ತು ಸಂಜೆ ಸುಡ್ತಾರೆ. ನಲವತ್ತೊಂದು ತಳಿ."

ಕಾಂತಪ್ಪ ಹಾಳೆಯನ್ನು ತೆಗೆದುಕೊಂಡ. ಹುಡುಕಬೇಕಾಗಿರಲಿಲ್ಲ, ಇಪ್ಪತ್ತೇಳನೇ ಸಾಲಿನಲ್ಲಿ ಅದು ಇತ್ತು. ಟೊರೇನಿಯಾ, ಮಡಿ ಮೂವತ್ತಾರು, ಬಣ್ಣ ಮೂರು, ಮೂರು. ಒಂದು ಮೂರು ಅವನದು, ಇನ್ನೊಂದು ಅಭಿಲಾಷನದು. ಕೊನೆಯಲ್ಲಿ ಷರಾ ಎಂಬ ಖಾಲಿ ಕಾಲಂ. ಪ್ರತಿಯೊಂದು ಸಾಲಿನ ನಕಲೂ ಆ ತಳಿ ತೆಗೆದವರಿಗೆ ಹೋಗತಕ್ಕದ್ದು ಎಂದು ಅಡಿಯಲ್ಲಿ ಅಚ್ಚಾಗಿತ್ತು. ಹಾಗಾದರೆ ಹೂವಿಲ್ಲದಿದ್ದರೂ ಬೀಜವಿತ್ತು. ಇವತ್ತು ಸಂಜೆಯ ತನಕ ಇರುತ್ತದೆ. ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ಮೊದಲು ಅಂಕ ಮುಗಿಸೋಣ" ಎಂದ.

ಮೊದಲನೆಯ ಮಡಿಯ ಮೇಲೆ ಅವನು ಕೊಡೆ ಬಿಚ್ಚಿ ಹಿಡಿದ. ಕೊಡೆಯ ನೆರಳಿನಲ್ಲಿ ಕಾಶಿಕಣಗಿಲೆ ಇತ್ತು, ಬಿಳಿ ಕಾಶಿಕಣಗಿಲೆ, ಬರೀ ಬಿಳಿ. ಮಾರ್ಚಿನಿಂದ ನಾಲ್ಕು ಸಲ ಅದಕ್ಕೆ 'ಹಳದಿ ಛಾಯೆ' ಎಂದು ಬರೆದಿದ್ದಾನೆ. ಮೂರನೆಯ ಮಡಿಯ ಪೆಟೂನಿಯಾ ಕರಗಿ ಕಪ್ಪಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಏಳನೆಯದರಲ್ಲಿ ಎಡಗಣ್ಣು ಕಂದು ಎಂದದ್ದನ್ನು ಬಲಗಣ್ಣು ಮಾವಿನ ಚಿಗುರಿನ ಕೆಂಪು ಎಂದಿತು. ಒಂದು ಕಣ್ಣು ಮುಚ್ಚುವುದು, ಬಿಚ್ಚುವುದು, ಇನ್ನೊಂದು ಮುಚ್ಚುವುದು. ಅಭಿಲಾಷ್ ಪೆನ್ನು ಹಿಡಿದು ಸುಮ್ಮನೆ ನಿಂತಿದ್ದ. ಅವನ ಹಾಳೆ ಖಾಲಿ. ತಾನು ಬರೆಯುವ ತನಕ ಅದು ಖಾಲಿಯೇ ಇರುತ್ತದೆ ಎಂದು ಕಾಂತಪ್ಪನಿಗೆ ಈಗ ಹೊಳೆಯಿತು. ನಾನು ಆರು ಅಂದರೆ ಇವನು ಆರೂವರೆ, ನಾನು ಮೂರು ಅಂದರೆ ಮೂರು. ಒಬ್ಬರದು ತಪ್ಪಿದರೆ ಇನ್ನೊಬ್ಬರದು ಹಿಡಿಯಲಿ ಎಂದು ಇಬ್ಬರನ್ನು ಇಟ್ಟಿದ್ದಾರೆ. ಇಷ್ಟು ವರ್ಷ ನೋಡಿದ್ದು ಒಂದೇ ಜೋಡಿ ಕಣ್ಣು, ಅದೂ ಪೊರೆ ಬಂದದ್ದು.

"ಅಭಿಲಾಷ್, ಹೋದ ವರ್ಷ ಮೂವತ್ತಾರನೇ ಮಡಿ. ನಿನಗೆ ಯಾವ ಬಣ್ಣ ಕಾಣ್ತಿತ್ತು?"

ಅಭಿಲಾಷ್ ತಲೆ ಎತ್ತಲಿಲ್ಲ. "ನೀಲಿ ಸಾರ್."

"ಮತ್ತೆ ಮೂರು ಹಾಕಿದೀಯ."

"ನೀವು ಮೂರು ಅಂದ ಮೇಲೆ ನಾನು ಏಳು ಹಾಕಕ್ಕಾಗುತ್ತಾ ಸಾರ್?" ಅವನು ಅದನ್ನು ಏನೂ ವಿಶೇಷವಿಲ್ಲದ ಹಾಗೆ ಹೇಳಿ, ಹಾಳೆ ತಿರುಗಿಸಿ, "ಎಂಟನೇದು ಸಾರ್" ಎಂದ.

ಎಂಟನೆಯದು ಯಾವ ಹೂವೋ ಕಾಂತಪ್ಪನಿಗೆ ಕಾಣಲಿಲ್ಲ. ಅವನಿಗೆ ಬೇರೆಯದೇ ಕಾಣುತ್ತಿತ್ತು. ಹೋದ ವರ್ಷ ಏಪ್ರಿಲ್, ಉಸ್ಮಾನ್ ರೋಡಿನ ಹಿಂದಿನ ಬೀದಿಯಲ್ಲಿ ಕಣ್ಣಿನ ಡಾಕ್ಟರ ಚಿಕ್ಕ ಕೋಣೆ, ಗಲ್ಲ ಇಟ್ಟುಕೊಳ್ಳಲು ಒಂದು ತಟ್ಟೆ. ರಾತ್ರಿ ಬಸ್ಸಿನ ನಂಬರು ಮಸುಕಾಗುತ್ತದೆ ಎಂದು ಯಾರಿಗೂ ಹೇಳದೆ ಹೋಗಿದ್ದ. ಎರಡೂ ಕಣ್ಣಲ್ಲಿ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿದರು, ಬಣ್ಣ ಮಂಕಾಗುತ್ತೆ, ಅದರಲ್ಲೂ ನೀಲಿ. ನೀವು ಏನು ಕೆಲಸ ಮಾಡುತ್ತೀರಿ? ಕಾಂತಪ್ಪ ಗುಮಾಸ್ತ ಎಂದ. ಅಪ್ಪನ ಕೆಲಸವನ್ನು ಹೇಳಿಬಿಟ್ಟಿದ್ದ. ಚೀಟಿ ಬರೆಸಿಕೊಂಡು ಬೀದಿಗೆ ಬಂದರೆ ಜವಳಿ ಅಂಗಡಿಗಳ ಮುಂದೆ ಜನವೋ ಜನ, ಎಲ್ಲರ ಕೈಯಲ್ಲೂ ಬಣ್ಣ ಬಣ್ಣದ ಚೀಲ. ಹೇಳಿದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು, ರಜೆ ಹಾಕಿ ಅಂತಾರೆ, ಆ ವರ್ಷದ ಅಂಕಕ್ಕೆ ಬೇರೆಯವರನ್ನು ಕರೆಸುತ್ತಾರೆ. ಹಾಗೆ ಬಂದವರು ಉಳಿದುಬಿಡುತ್ತಾರೆ. ಹಾಗಾಗಿ ಈ ಸೀಸನ್ ಮುಗಿಯಲಿ ಎಂದುಕೊಂಡ. ಆ ಮುಂದಿನ ಮಂಗಳವಾರ ಮೂವತ್ತಾರನೇ ಮಡಿಯ ಮೇಲೆ ಕೊಡೆ ಹಿಡಿದು ಮೂರು ಎಂದು ಬರೆದ. ಬರೆಯುವಾಗ ಡಾಕ್ಟರ ಮಾತು ನೆನಪಿತ್ತೋ ಇಲ್ಲವೋ ಎಂದು ಈ ಇಪ್ಪತ್ತೆರಡು ದಿನವೂ ತನ್ನನ್ನು ತಾನು ಕೇಳಿಕೊಂಡಿದ್ದಾನೆ. ನೆನಪಿತ್ತು. ನೆನಪಿದ್ದದ್ದಕ್ಕೇ ಮೀಟಿಂಗಿನಲ್ಲಿ ಯೂನಿಫಾರ್ಮಿನ ಮಾತು ಅಷ್ಟು ಜೋರಾಗಿ ಬಂತು.

ಹನ್ನೆರಡರ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದು, ಎಂಟನೆಯದನ್ನು ಹಾಗೇ ಬಿಟ್ಟು ಅಭಿಲಾಷ್ ಊಟಕ್ಕೆ ಹೋದ. ಕಾಂತಪ್ಪ ಹುಣಸೆ ಮರದ ಕೆಳಗೆ ಕೂತು ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುತ್ತಿದ್ದಾಗ ಸಣ್ಣಮ್ಮ ಬಂದಳು. ಮಡಿ ಮಾಡುವ, ಕಳೆ ಕೀಳುವ, ತಿರಸ್ಕರಿಸಿದ್ದನ್ನು ಕಿತ್ತು ಗುಂಡಿಗೆ ಹಾಕುವ ಹೆಂಗಸು. ತಾಳವಾಡಿ ಕಡೆಯವಳು, ಲಾರಿ ಓಡಿಸುವ ಗಂಡನ ಜೊತೆ ಬಂದು ಇಲ್ಲೇ ತೋಟದ ಬೇಲಿಯಾಚೆ ಮನೆ ಮಾಡಿಕೊಂಡಿದ್ದಳು. ಕಾಂತಪ್ಪನ ಹತ್ತಿರ ಅವಳು ತಮಿಳು ಆಡುತ್ತಿರಲಿಲ್ಲ.

"ಕಣ್ಣು ವಾಸಿ ಆಯ್ತಾ ಸಾ?"

"ಒಂದು ಆಯ್ತು. ಇನ್ನೊಂದು ಆಗಬೇಕು."

"ಆ ಒಂದ್ರಲ್ಲಿ ಚೆಂದಾಗ್ ಕಾಣ್ತದಾ?"

"ಕಾಣುತ್ತೆ. ಬೇಡ ಅನ್ನಿಸುವಷ್ಟು ಕಾಣುತ್ತೆ."

ಅವಳು ಸುತ್ತ ನೋಡಿದಳು. "ಹಂಗಾರೆ ಒಂದ್ ಗಳಿಗೆ ಬನ್ನಿ ಸಾ. ಒಂದ್ ಲೋಟ ಮಜ್ಜಿಗೆ ಕುಡ್ಕಂಡು ಬರೀರಂತೆ. ನಿಮಗೊಂದು ತೋರಿಸ್ಬೇಕು. ಬಯ್ಯಬಾರದು ಮಾತ್ರ."

ಬೇಲಿಯ ಸಂದಿನಲ್ಲಿ ನುಸುಳಿ ಹೋದರು. ತಗಡಿನ ಮನೆ, ಮುಂದೆ ನುಗ್ಗೆ ಮರ. ಮರದ ಅರ್ಧ ನೆರಳಿನಲ್ಲಿ ಪೇಂಟಿನ ಹಳೇ ಬಕೆಟ್ಟುಗಳು ನಾಲ್ಕು, ನಾಲ್ಕರಲ್ಲೂ ಒಂದೇ ಗಿಡ, ಬಕೆಟ್ಟಿನ ಅಂಚು ಮುಚ್ಚಿ ಕೆಳಗೆ ಇಳಿಬಿದ್ದಿತ್ತು. ಎಲ್ಲ ಬಾಯಿ ಬಿಟ್ಟ ಸಣ್ಣ ಸಣ್ಣ ಕಹಳೆ. ಕಾಂತಪ್ಪ ಬಗ್ಗಿ ನೋಡಿದ. ನೀಲಿ. ಮೇ ತಿಂಗಳ ಮೂರನೇ ವಾರ, ಹನ್ನೆರಡು ಗಂಟೆ, ಕಾಗೆ ಕೂಡ ಕೂಗದ ಸೆಕೆ, ಅದರಲ್ಲಿ ನೀಲಿ, ತುಟಿಯಲ್ಲಿ ಗಾಢ, ಒಳಗೆ ತಿಳಿ, ಗಂಟಲಲ್ಲಿ ಹಳದಿ ಚುಕ್ಕೆ. ಅವನು ಬಲಗಣ್ಣು ಮುಚ್ಚಿದ. ಒಗೆದೂ ಒಗೆದೂ ಹೋದ ಯೂನಿಫಾರ್ಮು. ಬಿಚ್ಚಿದ. ನೀಲಿ. ಮತ್ತೆ ಮುಚ್ಚಲು ಅವನಿಗೆ ಧೈರ್ಯ ಬರಲಿಲ್ಲ.

"ಕಿತ್ತು ಗುಂಡಿಗಾಕು ಅಂದ್ರಿ, ಆಕ್ದೆ ಸಾ. ಒಂದ್ ಕಡ್ಡಿ ಮಾತ್ರ ಸೆರಗಲ್ಲಿ ಸುತ್ಕ ಬಂದೆ," ಎಂದಳು ಸಣ್ಣಮ್ಮ. "ಗೇಟ್ ದಾಟಿಸಬಾರದು ಅಂತ ಗೊತ್ತು. ಆದ್ರೆ ಆ ಹುಡುಗಿ ಮಡಿ ತಾವ ನಿಂತ್ಕಂಡು ಅಳ್ತಿತ್ತು. ನನಗೆ ಮನಸ್ಸು ಬರ್ನಿಲ್ಲ. ಮುರಿದು ನೆಟ್ರೆ ಬತ್ತದೆ ಇದು, ಅಕ್ಕಿ ತೊಳೆದ ನೀರು ಸಾಕು. ವರ್ಷ ಪೂರ್ತಿ ಒಂದಿನ ಹೂ ಬಿಡದೆ ಇಲ್ಲ. ಯಾರಿಗೂ ಹೇಳ್ಬ್ಯಾಡಿ ಸಾ, ಕೆಲಸ ಹೋಯ್ತದೆ." ಅವಳು ಮಜ್ಜಿಗೆ ತರಲು ಒಳಗೆ ಹೋದಳು.

ಕಾಂತಪ್ಪ ಅಲ್ಲೇ ನಿಂತು ಮಾಡಿದ ಫೋನು ಮೂರು ಸಲ ಬಡಿದುಕೊಂಡ ಮೇಲೆ ಚಿನ್ಮಯಿ ಎತ್ತಿಕೊಂಡಳು. ಹಿಂದೆ ಅಂಗಡಿಯ ಗದ್ದಲ, ಯಾರೋ ಗೊಬ್ಬರದ ಬೆಲೆ ಕೇಳುತ್ತಿದ್ದರು. "ಹೇಳಿ ಸಾರ್, ಕಣ್ಣು ಹೇಗಿದೆ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಂತಪ್ಪ, "ನಿನ್ನ ಟೊರೇನಿಯಾ ಮುಂದೆ ನಿಂತಿದೀನಮ್ಮ. ನೀಲಿ ಇದೆ. ನನ್ನ ಕಣ್ಣಲ್ಲಿ ಪೊರೆ ಇತ್ತು. ಹೋದ ವರ್ಷ ಅದು ನೀಲಿನೇ ಇತ್ತು," ಎಂದ.

ಗೊಬ್ಬರ ಕೇಳುತ್ತಿದ್ದವರಿಗೆ ಬೇರೆ ಯಾರೋ ಉತ್ತರ ಹೇಳಿದರು. ಆಮೇಲೆ ಅವಳು ಅಂದಳು, "ಆ ಮೀಟಿಂಗ್ ಆದ ವಾರ ನಾನು ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ ಸಾರ್. ನನಗೇ ಬಣ್ಣ ಸರಿಯಾಗಿ ಕಾಣಲ್ವೇನೋ ಅಂತ. ಚುಕ್ಕೆ ಚುಕ್ಕೆ ಚಿತ್ರ ತೋರಿಸಿ ನಂಬರ್ ಓದಿಸ್ತಾರಲ್ಲ, ಅದು ಮಾಡಿಸ್ಕೊಂಡೆ. ಎಲ್ಲ ಸರಿ ಇದೆ ಅಂದ್ರು. ಅದನ್ನೂ ನಂಬಲಿಲ್ಲ ನಾನು, ಇನ್ನೊಂದು ಕಡೆ ಹೋಗಿ ಮತ್ತೆ ಮಾಡಿಸಿದೆ."

ಕಾಂತಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಕಾರ್ಡ್ ಇದೆಯಾ ಸಾರ್ ನಿಮ್ಮ ಹತ್ರ?"

"ಇದೆ."

"ಇಟ್ಟು ನೋಡಿ."

ಅವನು ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿ, ಚೀಲದಿಂದ ಕಾರ್ಡಿನ ಡಬ್ಬಿ ತೆಗೆದ. ಮುಚ್ಚಳ ಬಿಗಿಯಾಗಿತ್ತು. ತೆರೆದಾಗ ಪಟ್ಟಿಗಳ ಮೇಲೆ ನಾಲ್ಕು ಮಡಿಕೆಯಾಗಿ ಒಂದು ಚೀಟಿ ಇತ್ತು. ಯಾರೂ ತೆರೆಯದ ಜಾಗ ಎಂದು ತಾನೇ ಅಲ್ಲಿ ಇಟ್ಟು, ಇಟ್ಟದ್ದನ್ನು ಮರೆತೂ ಬಿಟ್ಟಿದ್ದ. ಹೋದ ವರ್ಷದ ಏಪ್ರಿಲ್ ಹದಿಮೂರು. ಡಾಕ್ಟರ ಸಹಿ. ಕೊಡೆ ಬಿಚ್ಚಿ ನೆರಳು ಮಾಡಿ, ಚೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಪಟ್ಟಿ ಒಂದೊಂದಾಗಿ ಹೂವಿನ ಪಕ್ಕ ಇಡುತ್ತ ಹೋದ. ಒಂದು ಹೊಂದಲಿಲ್ಲ, ಇನ್ನೊಂದು ಸ್ವಲ್ಪ ಕೆಂಪಿಗೆ ಹೋಯಿತು. ನಾಲ್ಕನೆಯದು ಹೂವಿನ ತುಟಿಗೆ ತಾಗಿ ಅಂಚೇ ಕಾಣದ ಹಾಗೆ ಸೇರಿಕೊಂಡಿತು. ಚೀಟಿಯನ್ನು ಬಾಯಿಂದ ತೆಗೆದು ಪಟ್ಟಿಯನ್ನು ಹಿಂದೆ ತಿರುಗಿಸಿ ನಂಬರು ಓದಲು ಹೋಗುವಷ್ಟರಲ್ಲಿ ಅವಳೇ ಅಂದಳು.

"ಎಂಬತ್ತೊಂಬತ್ತು, ಬಿ."

ಅವನು ತಿರುಗಿಸಿದ. ಎಂಬತ್ತೊಂಬತ್ತು, ಬಿ. "ಹೌದಮ್ಮ," ಎಂದ.

"ಹೋಗ್ಲಿ ಬಿಡಿ ಸಾರ್," ಎಂದಳು. ಅವಳ ದನಿ ಒದ್ದೆಯಾಗಿತ್ತು. "ನೀವೇನು ಬೇಕೂಂತ ಮಾಡಿದ್ರಾ. ಪೊರೆ ಬಂದಿದೆ ಅಂತ ನಿಮಗೂ ಗೊತ್ತಿರಲಿಲ್ಲವಲ್ಲ."

ಚೀಟಿ ಅವನ ಕೈಯಲ್ಲಿತ್ತು. ಬಿಸಿಲಿಗೆ ಅಕ್ಷರಗಳು ಒಂದೊಂದೂ ಸ್ಪಷ್ಟವಾಗಿ ಕಾಣುತ್ತಿದ್ದವು.

"ಹ್ಞೂಂ," ಎಂದ ಕಾಂತಪ್ಪ.

"ಗಿರಾಕಿ ಬಂದ್ರು ಸಾರ್, ಇಡ್ತೀನಿ."

ಮಜ್ಜಿಗೆಯ ಲೋಟ ಹಿಡಿದು ಸಣ್ಣಮ್ಮ ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವನು ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದ, ಉಪ್ಪು ಹೆಚ್ಚಾಗಿತ್ತು. ಎಷ್ಟು ಸುಲಭವಾಗಿ ಬಂತು ಆ ಹ್ಞೂಂ. ಅಂಗಡಿಯಲ್ಲಿ ನಿಂತ ಹುಡುಗಿ, ಎರಡು ಆಸ್ಪತ್ರೆ ಅಲೆದವಳು, ಕೊನೆಗೆ ನನಗೆ ಒಂದು ಕರುಣೆಯ ಮಾತು ಹೇಳಿದಳು, ಅದನ್ನೂ ಕೈಚಾಚಿ ಇಸಕೊಂಡುಬಿಟ್ಟೆ. ಸುಡುವ ಲಿಸ್ಟಿನಲ್ಲಿ ಆ ಒಂದು ಸಾಲು ಹೊಡೆದುಹಾಕಿ, ಬೀಜ ಉಳಿಸಿ, ಮರುಪರೀಕ್ಷೆ ಎಂದು ಬರೆದರೆ ಸಾಕು. ಅವಳ ಕೆಲಸ ಅವಳಿಗೆ ವಾಪಸ್ಸು ಬಂದರೂ ಬಂದೀತು. ಕಣ್ಣು ಕೆಟ್ಟಿತ್ತು ಪಾಪ, ದೊಡ್ಡ ಮನುಷ್ಯ, ಗೊತ್ತಾದ ತಕ್ಷಣ ತಾನೇ ಮುಂದೆ ಬಂದು ಹೇಳಿದ ಎಂದು ಹದಿನಾಲ್ಕು ಜನರೂ ಅಂದಾರು. ಬೀಳ್ಕೊಡುಗೆಯ ದಿನ ಅದನ್ನೂ ಸೇರಿಸಿ ಹೊಗಳಿಯಾರು. ನಿವೃತ್ತಿಗೆ ಉಳಿದ ಇನ್ನೊಂದು ವರ್ಷ ಹೀಗೇ ಕಳೆದುಬಿಡಬಹುದು. ಬೇಲಿಯ ಸಂದಿನಲ್ಲಿ ಬಗ್ಗಿ ಈಚೆ ಬರುವಾಗ ಮುಳ್ಳು ಅಂಗಿಗೆ ಸಿಕ್ಕಿ ಹರಿಯಿತು.

ಆಫೀಸಿನ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಅಭಿಲಾಷ್ ಇನ್ನೂ ಬಂದಿರಲಿಲ್ಲ. ಕಾಂತಪ್ಪ ಜೇಬಿನ ಲಿಸ್ಟನ್ನು ಮೇಜಿನ ಮೇಲೆ ಹರಡಿ, ಇಪ್ಪತ್ತೇಳನೇ ಸಾಲಿನಲ್ಲಿ ತನ್ನ ಮೂರನ್ನು ಹೊಡೆದು, ಬಣ್ಣ ಎಂಬತ್ತೊಂಬತ್ತು ಬಿ ಎಂದು ಬರೆದ. ಬೀಜ ಸುಡತಕ್ಕದ್ದಲ್ಲ ಎಂದು ಬರೆದ. ಗಿಡವೊಂದನ್ನು ನಾನೇ ನಿಯಮ ಮೀರಿ ಹೊರಗೆ ಕೊಟ್ಟಿದ್ದೆ, ಅದು ಇಂದಿಗೂ ಹೂ ಬಿಡುತ್ತಿದೆ ಎಂದು ಬರೆದ. ಅದೊಂದು ಸುಳ್ಳು. ಅದಕ್ಕೆ ಅವನಿಗೆ ಏನೂ ಅನ್ನಿಸಲಿಲ್ಲ. ಷರಾ ಕಾಲಂ ಇಷ್ಟೇ ಇಷ್ಟು ಅಗಲ, ಅಕ್ಷರ ಸಣ್ಣದು ಮಾಡಬೇಕಾಯಿತು. 'ಅಂಕ ಕೊಟ್ಟವನ ಎರಡೂ ಕಣ್ಣಿನಲ್ಲಿ ಪೊರೆ ಇತ್ತು. ಉಳಿದ ನಲವತ್ತು ಸಾಲುಗಳನ್ನೂ ಬೇರೆಯವರು ನೋಡುವುದು ಒಳ್ಳೆಯದು.' ಅಲ್ಲಿಗೆ ಪೆನ್ನು ನಿಂತಿತು. ನಕಲು ಹೋಗುವುದು ಅವಳಿಗೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡು ಓದುತ್ತಾಳೆ. ಹೋಗ್ಲಿ ಬಿಡಿ ಸಾರ್ ಎಂದವಳು ಆ ಮಾತನ್ನು ವಾಪಸ್ಸು ತೆಗೆದುಕೊಳ್ಳುತ್ತಾಳೆ, ಬಹುಶಃ ಮತ್ತೆ ಯಾವತ್ತೂ ಫೋನ್ ಎತ್ತುವುದಿಲ್ಲ. ಫ್ಯಾನಿನ ಗಾಳಿಗೆ ಹಾಳೆ ಏಳುತ್ತಿತ್ತು. ಕಾಂತಪ್ಪ ಅದರ ಮೇಲೆ ಡಬ್ಬಿ ಇಟ್ಟು, ಇನ್ನೊಂದು ಸಾಲು ಬರೆದು, ಚೀಟಿಯನ್ನು ಪಿನ್ನು ಹಾಕಿ ಸಿಕ್ಕಿಸಿ, ಸಹಿ ಮಾಡಿದ.

ಅಭಿಲಾಷ್ ಕೈ ಒರೆಸಿಕೊಳ್ಳುತ್ತ ಬಂದು ಹಾಳೆ ಎತ್ತಿಕೊಂಡ. ಅಕ್ಷರ ತೀರ ಸಣ್ಣದಿತ್ತು. ಬೆರಳಿಟ್ಟು ಓದಿದ, ಚೀಟಿಯ ತಾರೀಖು ನೋಡಿದ, ಮತ್ತೆ ಓದಿದ.

"ಸಾರ್, ಇದು ಆಫೀಸ್ ಕಾಗದ. ಕಣ್ಣಿನ ವಿಷಯ ಇರ್ಲಿ, ಸರಿ. ಈ ಕಡೇ ಲೈನ್ ಬೇಡ, ವೇಂಡಾಮೇ. 'ಅವನಿಗೆ ಅದು ಗೊತ್ತಿತ್ತು' ಅಂತ ಯಾಕೆ?"

"ಇರಲಿ."

"ಅದು ಇಲ್ದೆ ಹೋದ್ರೂ ಬೀಜ ಉಳಿಯುತ್ತೆ ಸಾರ್."

"ಬೀಜಕ್ಕಲ್ಲ ಅದು. ಆ ಹುಡುಗಿ ಎರಡು ಸಲ ಕಣ್ಣು ತೋರಿಸ್ಕೊಂಡು ಬಂದಿದಾಳೆ ಅಭಿಲಾಷ್. ಕಳಿಸು," ಎಂದ ಕಾಂತಪ್ಪ. ಕೊಡೆ ತೆಗೆದುಕೊಂಡು ಎದ್ದ, ಕಾರ್ಡಿನ ಡಬ್ಬಿಯನ್ನು ಅವನ ಕೈಗೆ ಕೊಟ್ಟ. "ಎಂಟನೇ ಮಡಿಯಿಂದ ಬಾಕಿ ಇದೆ. ನೀನು ಮೊದಲು ಬರಿ. ಬರೆದು ಮುಗಿಸೋ ತನಕ ನಾನು ಆ ಕಡೆ ತಿರುಗಿ ನಿಂತಿರ್ತೀನಿ."